ಹಾಲಲ್ಲಿ ಗರಣೆ ಬಂದ್ರೆ ಡೈರಿಗೆ ಹಾಕಬಹುದಾ?

ಪ್ರಶ್ನೆ: ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು ಈಚೆಗೆ ಕರು ಹಾಕಿದೆ, ಹಿಂದಿನ ಒಂದು ಮೊಲೆ ಊದಿ ಬಿಸಿಯಾಗಿದೆ, ಹಾಲು ಗರಣೆ ಗರಣೆ ಬರ್ತಿದೆ. ಡೈರಿಗೆ ಹಾಕಬಹುದಾ?
– ಓದುಗರು, ಅರಕಲಗೂಡು

ಉತ್ತರ: ಖಂಡಿತ ಹಾಕ್ಬೇಡಿ ಸಾರ್, ಇದು ಕೆಚ್ಚಲು ಬಾವು. ಇವತ್ತೇ ಡಾಕ್ಟರನ್ನ ಕರೆಸಿ, ಇಲ್ಲಾಂದ್ರೆ ಪಶು ಸಹಾಯವಾಣಿ 1962ಗೆ ಫೋನ್ ಮಾಡಿ. ಆ ಮೊಲೆ ಹಾಲನ್ನ ಪೂರ್ತಿ ಹಿಂಡಿ ತೆಗೀರಿ, ಆದ್ರೆ ಕೊಟ್ಟಿಗೆ ನೆಲಕ್ಕೆ ಚೆಲ್ಲಬೇಡಿ, ಅದ್ರಿಂದ ಬೇರೆ ಹಸುಗೂ ಹತ್ತುತ್ತೆ, ಈ ಹಸುನ ಕೊನೇಲೇ ಕರೀರಿ. ಊತ ಇಳೀತು ಅಂತ ಔಷಧಿ ಅರ್ಧಕ್ಕೇ ನಿಲ್ಸೋರು ತುಂಬಾ ಜನ, ದಯವಿಟ್ಟು ಹಂಗ್ ಮಾಡ್ಬೇಡಿ, ಬಾವು ಮತ್ತೆ ಮರುಕಳಿಸಿ ಮೊಲೆನೇ ಬತ್ತಿ ಹೋಗ್ಬಹುದು. ಕರೆದ ಮೇಲೆ ಮೊಲೆ ತೂತು ಸುಮಾರು ಅರ್ಧ ಗಂಟೆ ತೆರೆದೇ ಇರುತ್ತೆ, ಅದಕ್ಕೇ ಅಯೋಡಿನ್ ದ್ರಾವಣದಲ್ಲಿ ಮೊಲೆ ಅದ್ದಿ, ಮುಂದೆ ಹುಲ್ಲು ಹಾಕಿದ್ರೆ ಹಸು ಸಗಣಿ ಮೇಲೆ ಮಲಗದೆ ನಿಂತ್ಕೊಂಡು ಮೇಯುತ್ತೆ. ಔಷಧಿ ಮುಗಿದ್ಮೇಲೂ ಡಾಕ್ಟರ್ ಹೇಳಿದಷ್ಟು ದಿನ ಈ ಹಸು ಹಾಲು ಡೈರಿಗೆ ಬೇಡ.