ಸಂಬಳ ಕೇಳಿ, ಸಂಕೋಚ ಬೇಡ

ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರ ಇಷ್ಟು: ಬಹುಮಾನದ ಆಸೆ ತೋರಿಸಿದರೆ ಮಾಡುವ ಕೆಲಸದ ಮೇಲಿನ ಒಲವು ಕುಗ್ಗಬಹುದು ಎಂದು ನಾವು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆವು. ಸಂಬಳ ಜಾಸ್ತಿ ಮಾಡಿ ಎಂದು ಕೇಳಲು ಹೋದ ನಿಮಗೆ ಮ್ಯಾನೇಜರ್ ಅದೇ ಪುಟ ತೆರೆದು ತೋರಿಸಿದರಂತೆ. "ಇದು ವಿಜ್ಞಾನವಾ, ಇಲ್ಲ ಜಿಪುಣರಿಗೆ ಸಿಕ್ಕ ನೆಪವಾ?" ಎಂದು ಸಿಟ್ಟಿನಲ್ಲೇ ಕೇಳಿದ್ದೀರಿ.

ವಿಜ್ಞಾನವೇ. ನೆಪ ಮಾಡಿಕೊಂಡವರು ನಿಮ್ಮ ಮ್ಯಾನೇಜರ್.

ಅವರು ಹಿಡಿದುಕೊಂಡಿರುವ ಪ್ರಯೋಗವನ್ನೇ ನೋಡೋಣ. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು, ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ಶಿಶುವಿಹಾರದ ಮಕ್ಕಳನ್ನು ಆರಿಸಿಕೊಂಡರು. ಚಿತ್ರ ಬಿಡಿಸಿದರೆ ರಿಬ್ಬನ್ ಹಚ್ಚಿದ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಕೆಲವರಿಗೆ ಮುಂಚೆಯೇ ಹೇಳಿದರು. ಕೆಲವರಿಗೆ ಏನೂ ಹೇಳದೆ ಕೊನೆಯಲ್ಲಿ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಸ್ವಲ್ಪ ದಿನ ಬಿಟ್ಟು ನೋಡಿದರೆ, ಪ್ರಶಸ್ತಿಯ ಆಸೆಗೆ ಬಿಡಿಸಿದ ಮಕ್ಕಳು ತಾವಾಗಿ ಬಣ್ಣದ ಪೆನ್ನು ಹಿಡಿಯುವ ಹೊತ್ತು ಉಳಿದವರದ್ದರ ಸುಮಾರು ಅರ್ಧದಷ್ಟಿತ್ತು. ಹೇಳದೆ ಕೊಟ್ಟ ಮಕ್ಕಳಿಗೆ ಹಾಗೇನೂ ಆಗಿರಲಿಲ್ಲ.

ಇಷ್ಟು ಓದಿ "ನೋಡಿ, ದುಡ್ಡು ಕೊಟ್ಟರೆ ಜನ ಕೆಟ್ಟುಹೋಗ್ತಾರೆ" ಎನ್ನುವುದು ಸುಲಭ. ಆದರೆ ಆ ಮಕ್ಕಳು ಚಿತ್ರ ಬಿಡಿಸಿ ಮನೆ ಬಾಡಿಗೆ ಕಟ್ಟುತ್ತಿರಲಿಲ್ಲ, ಅಲ್ವಾ? ಅದು ಆಟ, ಶರತ್ತು ಹಾಕಿದ ಮೇಲೆ ಕೆಲಸವಾಯಿತು. ನಿಮ್ಮದು ಮೊದಲ ದಿನದಿಂದಲೂ ಕೆಲಸವೇ, ಸಂಬಳದ ಮಾತಾಡಿಯೇ ಸೇರಿದ್ದೀರಿ.

ಮ್ಯಾನೇಜರ್‌ಗೆ ತೋರಿಸಬೇಕಾದದ್ದು ಇನ್ನೊಂದಿದೆ. ಯೂರಿ ಗ್ನೀಜಿ, ಆಲ್ಡೊ ರುಸ್ಟಿಚಿನಿ ಎಂಬ ಅರ್ಥಶಾಸ್ತ್ರಜ್ಞರು 2000ದಲ್ಲಿ ಪ್ರಕಟಿಸಿದ್ದು. ಇಸ್ರೇಲಿನ ಹೈಸ್ಕೂಲ್ ಮಕ್ಕಳು ಒಳ್ಳೆಯ ಕೆಲಸಕ್ಕೆಂದು ಮನೆಮನೆಗೆ ಹೋಗಿ ಚಂದಾ ಎತ್ತುತ್ತಿದ್ದರು. ಒಂದು ಗುಂಪಿಗೆ ಬರೀ ನಾಲ್ಕು ಒಳ್ಳೆಯ ಮಾತು. ಇನ್ನೊಂದಕ್ಕೆ, ಎತ್ತಿದ ಮೊತ್ತದ 1 ಶೇಕಡಾ ಕಮಿಷನ್. ಮೂರನೆಯದಕ್ಕೆ 10 ಶೇಕಡಾ. ಜಾಸ್ತಿ ಎತ್ತಿದ್ದು ಕಮಿಷನ್ ಇಲ್ಲದವರು, ಆಮೇಲೆ 10ರವರು. ಎಲ್ಲರಿಗಿಂತ ಹಿಂದೆ ಬಿದ್ದದ್ದು 1 ಶೇಕಡಾದವರು. ಚಿಲ್ಲರೆ ಕಾಸು ತೋರಿಸಿದರೆ ಸೇವೆ ಎಂಬ ಭಾವವೂ ಹೋಗುತ್ತದೆ, ಲಾಭವೂ ಕಾಣುವುದಿಲ್ಲ ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ. ವರ್ಷದ ಕೊನೆಗೆ ಒಂದು ಕಪ್ಪು, ಒಂದು ಸರ್ಟಿಫಿಕೇಟು, ಜೊತೆಗೆ ಹೇಳಿಕೊಳ್ಳಲೂ ನಾಚಿಕೆಯಾಗುವಷ್ಟು ಬೋನಸ್ಸು ಕೊಟ್ಟು ಕೈತೊಳೆದುಕೊಳ್ಳುವ ಕಚೇರಿಗಳು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಇನ್ನು ದುಡ್ಡು ಜನರನ್ನು ದುಡಿಸುವುದೇ ಇಲ್ಲ ಎಂಬ ಮಾತು. ಅಮೆರಿಕದಲ್ಲಿ ಕಾರಿನ ಗಾಜು ಹಾಕುವ ಸೇಫ್‌ಲೈಟ್ ಕಂಪನಿ 1990ರ ದಶಕದಲ್ಲಿ ಗಂಟೆ ಲೆಕ್ಕದ ಕೂಲಿ ಬಿಟ್ಟು ಗಾಜಿನ ಲೆಕ್ಕದಲ್ಲಿ ಕೊಡಲು ಶುರುಮಾಡಿತು. ಒಬ್ಬೊಬ್ಬರು ಮಾಡುವ ಕೆಲಸ ಸರಾಸರಿ 44 ಶೇಕಡಾ ಏರಿತು ಎಂದು ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲೇಝಿಯರ್ ಲೆಕ್ಕ ಹಾಕಿದರು. ಎಣಿಸಬಹುದಾದ ಕೆಲಸಕ್ಕೆ ದುಡ್ಡು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ನಿಮ್ಮ ಸಿಟ್ಟಿಗೂ ಕಾರಣ ಇದೆ. ಜರ್ಮನಿಯ ಅರ್ಥಶಾಸ್ತ್ರಜ್ಞ ವೆರ್ನರ್ ಗ್ಯೂಟ್ ಮತ್ತು ಜೊತೆಗಾರರು 1982ರಲ್ಲಿ ಪ್ರಕಟಿಸಿದ ಆಟವೊಂದಿದೆ. ಒಂದಿಷ್ಟು ದುಡ್ಡನ್ನು ಇಬ್ಬರು ಹಂಚಿಕೊಳ್ಳಬೇಕು. ಪಾಲು ಹೇಳುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು. ಒಪ್ಪದಿದ್ದರೆ ಇಬ್ಬರಿಗೂ ಸೊನ್ನೆ. ತೀರಾ ಕಡಿಮೆ ಪಾಲು ಹೇಳಿದರೆ, ಪುಕ್ಕಟೆ ದುಡ್ಡು ಬೇಕಾದರೂ ಹೋಗಲಿ ಎಂದು ಬಹಳಷ್ಟು ಜನ ಬೇಡ ಅಂದುಬಿಡುತ್ತಾರೆ. ಪಾಲು ನ್ಯಾಯವಾಗಿದೆಯಾ ಎಂಬುದು ಎಷ್ಟು ಸಿಕ್ಕಿತು ಎನ್ನುವಷ್ಟೇ ಮುಖ್ಯ.

ಮ್ಯಾನೇಜರ್ ಮುಂದಿನ ಸಲ "ದುಡ್ಡಿನಿಂದ ಸುಖ ಬರಲ್ಲ" ಎಂದು 2010ರ 75,000 ಡಾಲರ್ ಅಂಕಿಯನ್ನು ಎತ್ತಬಹುದು: ವರ್ಷದ ಆದಾಯ ಅಷ್ಟನ್ನು ದಾಟಿದ ಮೇಲೆ ದಿನನಿತ್ಯದ ಸಂತೋಷ ಏರುವುದಿಲ್ಲ ಎಂದಿತ್ತು ಆ ಅಧ್ಯಯನ. ಆ ಅಂಕಿ ಕೊಟ್ಟವರಲ್ಲಿ ಒಬ್ಬರಾದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್‌ಮನ್ ಅವರೇ 2023ರಲ್ಲಿ ಬೇರೆಯವರ ಜೊತೆ ಸೇರಿ ಮತ್ತೆ ಲೆಕ್ಕ ನೋಡಿದರು. ಹೆಚ್ಚಿನವರಲ್ಲಿ ಆದಾಯ ಏರಿದಂತೆ ಸಂತೋಷವೂ ಏರುತ್ತಲೇ ಇತ್ತು.

ಹಾಗಾಗಿ ಧೈರ್ಯವಾಗಿ ಕೇಳಿ. ಇಷ್ಟು ಮಾಡಿದರೆ ಇಷ್ಟು ಎಂಬ ಚೂರುಪಾರು ಬೋನಸ್ಸಿಗೆ ಒಪ್ಪಬೇಡಿ, ತಿಂಗಳ ಸಂಬಳವೇ ಏರಲಿ. ಅದೇ ಕೆಲಸ ಮಾಡುವ ಬೇರೆಯವರಿಗೆ ಎಷ್ಟು ಕೊಡುತ್ತಾರೆ ಎಂದು ಮೊದಲು ವಿಚಾರಿಸಿಕೊಳ್ಳಿ, ಆ ಅಂಕಿ ಬರೆದಿಟ್ಟುಕೊಂಡೇ ಒಳಗೆ ಹೋಗಿ.

– ಸಂಪಾದಕ