.22 ರಿವಾಲ್ವರ್‌ನಲ್ಲಿ ಆರಕ್ಕೆ ಎರಡು ತೋಟಾ ಹುಸಿ ಹೋಗುತ್ತಿವೆ, ಸ್ಪ್ರಿಂಗ್ ಬದಲಿಸಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಟೆಕ್ಸಾಸ್‌ನಲ್ಲಿ ಸೆಕೆಂಡ್ ಹ್ಯಾಂಡ್‌ಗೆ ಒಂದು .22 ಸಿಂಗಲ್ ಆಕ್ಷನ್ ರಿವಾಲ್ವರ್ ಕೊಂಡಿದ್ದೀರಿ, ಅಂದರೆ ಪ್ರತಿ ಸಲ ಹಿಂದಿನ ಹ್ಯಾಮರ್ (ಸುತ್ತಿಗೆ) ಹೆಬ್ಬೆರಳಿನಿಂದ ಎಳೆದು ಹೊಡೆಯುವಂಥದ್ದು. ಆರು ಹೊಡೆದರೆ ಒಂದೋ ಎರಡೋ ಸಿಡಿಯುವುದಿಲ್ಲ, ಬರೀ ಟಕ್ ಅನ್ನುತ್ತದೆ. ಐವತ್ತು ಈಡು ದಾಟಿದ ಮೇಲೆ, ಆರು ತೋಟಾ ಹಿಡಿಯುವ ಸಿಲಿಂಡರ್ ತಿರುಗುವುದೇ ಕಷ್ಟ. ಹ್ಯಾಮರ್ ಸ್ಪ್ರಿಂಗ್ ಸೋತಿದೆ ಅಂತ ನಿಮ್ಮ ಅನುಮಾನ.

ಇರಬಹುದು. ಆದರೆ ದಯವಿಟ್ಟು ಈಗಲೇ ಸ್ಕ್ರೂಡ್ರೈವರ್ ಮುಟ್ಟಬೇಡಿ. ನಾನು ಮುಟ್ಟಿ ಕೆಟ್ಟಿದ್ದೇನೆ.

ಅರಿಜೋನಾಗೆ ಬಂದ ಹೊಸತರಲ್ಲಿ ನಾನೂ ಇಂಥದ್ದೇ ಒಂದನ್ನು ಕೊಂಡೆ. ಇದೇ ಟಕ್, ಇದೇ ಬಿಗಿತ. ನಾನು ಕೊಡಗಿನವನು. ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಮಾಡುವ ಮನೆಯಲ್ಲಿ ಬೆಳೆದವನು. ನನಗೆ ಕೋವಿ ಗೊತ್ತಿಲ್ವಾ ಅನ್ನುವ ಜಂಬ! ಹೊಸ ಸ್ಪ್ರಿಂಗ್ ತರಿಸಿ ಊಟದ ಮೇಜಿನ ಮೇಲೆ ಎಲ್ಲ ಬಿಚ್ಚಿದೆ. ಕಡ್ಡಿಯಷ್ಟು ದಪ್ಪದ ಒಂದು ಸ್ಪ್ರಿಂಗ್ ಹಾರಿ ಫ್ರಿಜ್ ಕೆಳಗೆ ಸೇರಿತು. ಹುಡುಕಿ, ಜೋಡಿಸಿ, ರೇಂಜ್‌ಗೆ ಹೋದರೆ ಮತ್ತೆ ಟಕ್. ತೊಂದರೆ ಸ್ಪ್ರಿಂಗ್‌ನಲ್ಲಿ ಇರಲೇ ಇಲ್ಲ.

ಆಮೇಲೆ ರೇಂಜ್‌ನಲ್ಲಿದ್ದ ಒಬ್ಬ ಮುದುಕರು ಹೇಳಿಕೊಟ್ಟ ಉಪಾಯ ಇದು. ಒಂದು ಮಾರ್ಕರ್ ಪೆನ್ ತೆಗೆದುಕೊಂಡು ಖಾಲಿ ಸಿಲಿಂಡರ್‌ನ ಹೊರಗೆ, ತೋಟಾ ಕೂರುವ ಪ್ರತಿ ಚೇಂಬರ್ ಪಕ್ಕ, 1ರಿಂದ 6 ಅಂತ ಬರೆಯಿರಿ. ಒಂದು ಡಬ್ಬಿ, ಅಂದರೆ 50 ತೋಟಾ ಹೊಡೆಯಿರಿ. ಹುಸಿ ಹೋದಾಗಲೆಲ್ಲ ಯಾವ ನಂಬರ್ ಅಂತ ಚೀಟಿಯಲ್ಲಿ ಗುರುತು ಹಾಕಿ. ಬೇರೆ ಕಂಪನಿಯ ಇನ್ನೊಂದು ಡಬ್ಬಿಯನ್ನೂ ಹಾಗೇ ಹೊಡೆಯಿರಿ. ಹುಸಿ ಒಂದೇ ನಂಬರ್‌ಗೆ ಅಂಟಿಕೊಂಡಿದೆಯಾ, ಒಂದೇ ಡಬ್ಬಿಗೆ ಅಂಟಿಕೊಂಡಿದೆಯಾ, ಇಲ್ಲ ಎಲ್ಲ ಕಡೆ ಓಡಾಡುತ್ತಿದೆಯಾ ನೋಡಿ. ಸ್ಪ್ರಿಂಗ್ ಆರೂ ಚೇಂಬರ್‌ಗೆ ಒಂದೇ. ಅದು ಸೋತಿದ್ದರೆ ಮೂರನೇ ನಂಬರ್ ಮೇಲೆ ಮಾತ್ರ ಯಾಕೆ ಮುನಿಸಿಕೊಳ್ಳುತ್ತದೆ?

ಹುಸಿ ಹೋದ ತೋಟಾ ಎಸೆಯಬೇಡಿ, ನಿಮ್ಮ ಸಾಕ್ಷಿ ಅದೇ. ದೊಡ್ಡ ತೋಟಾಗಳಲ್ಲಿ ಬುಡದ ನಡುವೆ ಪ್ರೈಮರ್, ಅಂದರೆ ಹೊಡೆತಕ್ಕೆ ಮೊದಲು ಹೊತ್ತಿಕೊಳ್ಳುವ ಮದ್ದು, ಇರುತ್ತದೆ. ನಿಮ್ಮ .22ರಂಥ ರಿಮ್‌ಫೈರ್ ತೋಟಾದಲ್ಲಿ ಹಾಗಿಲ್ಲ. ಬುಡದ ಅಂಚು ಟೊಳ್ಳು, ಅದರೊಳಗೆ ಪ್ರೈಮರ್ ಮದ್ದನ್ನು ತಿರುಗಿಸಿ ಹರಡಿರುತ್ತಾರೆ. ಈ ವಿದ್ಯೆ 1857ರ .22 ಶಾರ್ಟ್ ಎಂಬ ಗಿಡ್ಡ ತೋಟಾದ ಕಾಲದ್ದು, ಇವತ್ತಿಗೂ ಅದೇ. ಅಂಚಿನಲ್ಲಿ ಎಲ್ಲೋ ಒಂದು ಕಡೆ ಮದ್ದು ಹರಡದೆ ಉಳಿದು, ಹ್ಯಾಮರ್‌ನ ಹೊಡೆತ ತಲುಪಿಸುವ ಪಿನ್ ಅಲ್ಲಿಗೇ ಬಡಿದರೆ ಸಿಡಿಯುವುದಿಲ್ಲ. ಪಿನ್ ಗುರುತು ಆಳವಾಗಿ, ಸ್ಪಷ್ಟವಾಗಿದ್ದೂ ಹುಸಿ ಹೋಗಿದ್ದರೆ ತಪ್ಪು ತೋಟಾದ್ದು. ಅದನ್ನು ಸ್ವಲ್ಪ ತಿರುಗಿಸಿ ಮತ್ತೆ ಹಾಕಿದರೆ ಎಷ್ಟೋ ಸಲ ಸಿಡಿಯುತ್ತದೆ. ಅಗ್ಗದ ತೋಟಾದಲ್ಲಿ ಇದು ಮಾಮೂಲು.

ಗುರುತು ತೆಳುವಾಗಿ, ಉಗುರು ತಾಗಿಸಿದ ಹಾಗಿದ್ದು, ಅದೇ ತೋಟಾ ಅದೇ ಚೇಂಬರ್‌ನಲ್ಲಿ ಎರಡನೇ ಹೊಡೆತಕ್ಕೆ ಸಿಡಿದರೆ ಕತೆ ಬೇರೆ. ತೋಟಾ ಪೂರ್ತಿ ಒಳಗೆ ಕೂತಿರಲಿಲ್ಲ. ಮೊದಲ ಹೊಡೆತದ ಶಕ್ತಿಯೆಲ್ಲ ಅದನ್ನು ಒಳಗೆ ತಳ್ಳುವುದರಲ್ಲೇ ಖರ್ಚಾಯಿತು. ನಿಮ್ಮ ಕೇಸು ಇದೇ ಅಂತ ನನ್ನ ಊಹೆ. ಯಾಕೆ ಅಂದರೆ ಪೂರ್ತಿ ಕೂರದ ತೋಟಾದ ಅಂಚು ಹಿಂದೆ ಚಾಚಿಕೊಂಡು ಫ್ರೇಮ್‌ಗೆ ಉಜ್ಜುತ್ತದೆ. ಸಿಲಿಂಡರ್ ಬಿಗಿಯಾಗುವುದಕ್ಕೂ ಅದೇ ಕಾರಣ ಆಗಬಹುದು. ನಿಮಗೆ ಎರಡು ಕಾಯಿಲೆ ಅನ್ನಿಸಿದ್ದು ಒಂದೇ ಇರಬಹುದು. ಪರೀಕ್ಷೆ ಸುಲಭ. ರೇಂಜ್‌ನಲ್ಲಿ ಬಿಗಿಯಾದ ಕೂಡಲೇ ಸಿಲಿಂಡರ್ ಪೂರ್ತಿ ಖಾಲಿ ಮಾಡಿ ತಿರುಗಿಸಿ ನೋಡಿ. ಖಾಲಿ ಇದ್ದಾಗ ಸಲೀಸು, ತುಂಬಿದಾಗ ಬಿಗಿ ಅಂದರೆ ತೋಟಾ ಕೂರುತ್ತಿಲ್ಲ ಅಂತಲೇ ಅರ್ಥ.

ಯಾಕೆ ಕೂರುವುದಿಲ್ಲ? ಒಂದು, ಮಸಿ. ಹಳೇ ಮಾಲೀಕರು .22 ಶಾರ್ಟ್ ಜಾಸ್ತಿ ಹೊಡೆದಿದ್ದರೆ ಚೇಂಬರ್ ಒಳಗೆ ಮಸಿಯ ಬಳೆಯೊಂದು ಕಟ್ಟಿಕೊಂಡಿರುತ್ತದೆ, ಉದ್ದದ ಲಾಂಗ್ ರೈಫಲ್ ತೋಟಾ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಸಾಲ್ವೆಂಟ್ ಹಚ್ಚಿ ಹದಿನೈದು ನಿಮಿಷ ಬಿಟ್ಟು, .22 ಕಂಚಿನ ಬ್ರಷ್‌ನಿಂದ ಒಂದೊಂದೇ ಚೇಂಬರ್ ತಿಕ್ಕಿ. ನನ್ನ ಅಜ್ಜನ ಹತ್ತಿರ ಒಂದು ಕೇಪಿನ ಕೋವಿ ಇತ್ತು. ಈಡು ಹತ್ತಲಿಲ್ಲ ಅಂತ ಯಾರಾದರೂ ದೂರಿದರೆ ಅಜ್ಜ ಮೊದಲು ಒಲೆಯ ಮೇಲೆ ಬಿಸಿನೀರು ಇಡುತ್ತಿದ್ದರು. "ಕೋವಿ ಕೆಟ್ಟಿಲ್ಲ ಮಗಾ, ನೀನು ತೊಳೆದಿಲ್ಲ." ಆ ಮಾತು ಊಟದ ಮೇಜಿನ ಹತ್ತಿರ ನೆನಪಾಗಿದ್ದರೆ ನನ್ನ ಎರಡು ದಿನ ಉಳಿಯುತ್ತಿತ್ತು.

ಎರಡು, ಖಾಲಿ ಕೋವಿಯ ಕುದುರೆ (ಟ್ರಿಗರ್) ಎಳೆಯುವ ಚಟ. ಕೆಲವು ರಿಮ್‌ಫೈರ್‌ಗಳಲ್ಲಿ ಹಾಗೆ ಮಾಡಿದರೆ ಪಿನ್ ನೇರ ಚೇಂಬರ್‌ನ ಅಂಚಿಗೆ ಬಡಿಯುತ್ತದೆ. ಕಬ್ಬಿಣ ತಗ್ಗಾಗಿ ಸಣ್ಣ ಮುಳ್ಳು ಒಳಕ್ಕೆ ಎದ್ದು ನಿಲ್ಲುತ್ತದೆ. ಟಾರ್ಚ್ ಹಿಡಿದರೆ ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ನನ್ನದರಲ್ಲಿ ನಾಲ್ಕನೇ ನಂಬರ್‌ಗೆ ಇದೂ ಆಗಿತ್ತು. ಅರ ಹಾಕಬೇಡಿ. ಆ ಮುಳ್ಳನ್ನು ಒತ್ತಿ ಜಾಗಕ್ಕೆ ಕೂರಿಸುವ ಸಾಧನ ಗನ್‌ಸ್ಮಿತ್ (ಕೋವಿ ರಿಪೇರಿ ಮಾಡುವವರು) ಹತ್ತಿರ ಇರುತ್ತದೆ.

ಇನ್ನೊಂದು ಮಾತು, ಸೆಕೆಂಡ್ ಹ್ಯಾಂಡ್ ಅಂದಿರಲ್ಲ, ಅದಕ್ಕೆ. ಇಂಥ ರಿವಾಲ್ವರ್ ಎಷ್ಟೋ ಸಲ ಎರಡು ಸಿಲಿಂಡರ್ ಜೊತೆ ಬರುತ್ತವೆ, ಒಂದು ಲಾಂಗ್ ರೈಫಲ್‌ಗೆ, ಇನ್ನೊಂದು .22 ಮ್ಯಾಗ್ನಮ್‌ಗೆ. ನಿಮ್ಮದರಲ್ಲಿ ಇರುವುದು ಮ್ಯಾಗ್ನಮ್ ಸಿಲಿಂಡರ್ ಅಲ್ಲ ತಾನೇ? ಅದರ ಚೇಂಬರ್ ಅಗಲ. ಲಾಂಗ್ ರೈಫಲ್ ತೋಟಾ ಸಡಿಲವಾಗಿ ಬಿದ್ದು, ಸಿಡಿದರೂ ಹಿತ್ತಾಳೆ ಸೀಳುತ್ತದೆ. ಕಣ್ಣಿಗೆ ಅಪಾಯ. ಹೊಡೆದ ಖಾಲಿ ತೋಟಾ ಉಬ್ಬಿದೆಯಾ, ಸೀಳಿದೆಯಾ ಇವತ್ತೇ ನೋಡಿ.

ಖಾಲಿ ಇದ್ದಾಗಲೂ ಬಿಗಿ ಇದ್ದರೆ ಸಿಲಿಂಡರ್ ತಿರುಗುವ ಅಚ್ಚನ್ನು, ಅಂದರೆ ಬೇಸ್ ಪಿನ್ ಅನ್ನು, ಎಳೆದು ಒರೆಸಿ, ಒಂದು ಹನಿ ಎಣ್ಣೆ ಹಾಕಿ. ಸಿಲಿಂಡರ್ ಮುಂಭಾಗದ ಮಸಿಯನ್ನೂ ತೆಗೆಯಿರಿ, ನಳಿಗೆಗೂ ಅದಕ್ಕೂ ನಡುವೆ ಇರುವುದು ಕೂದಲೆಳೆ ಜಾಗ. ಹೊಡೆಯುತ್ತಾ ಹೊಡೆಯುತ್ತಾ ಬೇಸ್ ಪಿನ್ ಮುಂದಕ್ಕೆ ಜಾರಿರುವುದೂ ಉಂಟು.

ಇಷ್ಟೆಲ್ಲ ಆಗಿ, ಆರೂ ಚೇಂಬರ್‌ನಲ್ಲಿ ಎಲ್ಲ ತೋಟಾಗಳ ಮೇಲೂ ಗುರುತು ತೆಳುವಾಗಿದ್ದರೆ ಆಗ ಸ್ಪ್ರಿಂಗ್ ಅನ್ನಿ. ಆಗಲೂ ಮೊದಲು ಹ್ಯಾಮರ್ ಸುತ್ತ ಒಣಗಿದ ಹಳೇ ಗ್ರೀಸ್ ಇದೆಯಾ ನೋಡಿ. ಟ್ರಿಗರ್ ಹಗುರವಾಗಲಿ ಅಂತ ಹಳೇ ಮಾಲೀಕರು ಸ್ಪ್ರಿಂಗ್ ಕತ್ತರಿಸಿರುವುದೂ ಉಂಟು.

ಟಕ್ ಅಂದ ತಕ್ಷಣ ತೋಟಾ ಹಾಕಿ ತೆಗೆಯುವ ಗೇಟ್ ತೆರೆಯಬೇಡಿ. ನಳಿಗೆ ಗುರಿಯ ಕಡೆಗೇ ಇರಲಿ, ಅರ್ಧ ನಿಮಿಷ ಕಾಯಿರಿ, ತಡವಾಗಿ ಸಿಡಿಯಬಹುದು. ಠುಸ್ ಅಂತ ಸಣ್ಣ ಸದ್ದು ಬಂದರೆ ಮುಂದಿನದನ್ನು ಹೊಡೆಯಲೇಬೇಡಿ. ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಖಾಲಿ ಮಾಡಿ ನಳಿಗೆ ನೋಡಿ. ಪಕ್ಕದಿಂದ ಸೀಸದ ಚೂರು ಮುಖಕ್ಕೆ ಹಾರುತ್ತಿದ್ದರೆ ಚೇಂಬರ್ ನಳಿಗೆಗೆ ಸರಿಯಾಗಿ ಕೂಡುತ್ತಿಲ್ಲ, ಅದು ಗನ್‌ಸ್ಮಿತ್ ಕೆಲಸ.

ಎರಡು ಡಬ್ಬಿ ಹೊಡೆದ ಮೇಲೆ ಯಾವ ನಂಬರ್‌ಗೆ ಎಷ್ಟು ಹುಸಿ ಹೋಯಿತು ಅಂತ ಕೆಳಗೆ ಬರೆಯಿರಿ. ಹುಸಿ ಹೋದ ತೋಟಾಗಳ ಬುಡದ ಫೋಟೋ ಹಾಕಿದರೆ ಇನ್ನೂ ಒಳ್ಳೆಯದು.