ಹಳೆಯ ಮನೆಯ ಚಿಮ್ನಿಗೆ ಹೊಸ ಲೈನರ್ ಬೇಕೆಂದು ತಿಳಿಯುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ. ನ್ಯೂಜೆರ್ಸಿಯಲ್ಲಿ 1950ರ ದಶಕದ ಮನೆಯೊಂದನ್ನು ಕೊಂಡಿದ್ದೀರಿ. ಕಳೆದ ವರ್ಷ ಮನೆಯನ್ನು ಬಿಸಿಮಾಡುವ ಹಳೆಯ ಫರ್ನೇಸ್ ತೆಗೆಸಿ ಹೊಸ ಮಾದರಿಯದನ್ನು ಹಾಕಿಸಿದ್ದೀರಿ. ಅದರ ಹೊಗೆ ಬಿಳಿಯ ಪ್ಲಾಸ್ಟಿಕ್ ಕೊಳವೆಯ ಮೂಲಕ ಪಕ್ಕದ ಗೋಡೆಯಿಂದಲೇ ಹೊರಗೆ ಹೋಗುತ್ತದೆ. ಇಟ್ಟಿಗೆಯ ಚಿಮ್ನಿಯನ್ನು ಈಗ ಬಳಸುತ್ತಿರುವುದು ನೆಲಮಾಳಿಗೆಯ ಗ್ಯಾಸ್ ವಾಟರ್ ಹೀಟರ್ ಮತ್ತು ಹಜಾರದ ಅಗ್ಗಿಷ್ಟಿಕೆ ಮಾತ್ರ. ಚಿಮ್ನಿ ಗುಡಿಸಲು ಬಂದವರು ಅದರ ಒಳಗೊಳವೆಯ ಬಗ್ಗೆ “ಲೈನರ್ ಹೋಗಿದೆ, ಬದಲಿಸಲೇಬೇಕು” ಎಂದು ಹೇಳಿ ದೊಡ್ಡ ಮೊತ್ತದ ಅಂದಾಜು ಬರೆದುಕೊಟ್ಟಿದ್ದಾರೆ. ಹೊರಗಿನ ಇಟ್ಟಿಗೆಯ ಮೇಲೆ ಬಿಳಿ ಕಲೆಗಳನ್ನು ನೀವೂ ನೋಡಿದ್ದೀರಿ. ಅವರ ಮಾತು ನಿಜವೋ ಅಥವಾ ಹೆದರಿಸಿ ಹಣ ಕೀಳುವ ಉಪಾಯವೋ ಎಂಬುದು ನಿಮ್ಮ ಅನುಮಾನ.

ನಾನು ಚಿಮ್ನಿ ಕೆಲಸದವನಲ್ಲ. ಪಿಟ್ಸ್‌ಬರ್ಗ್‌ನಲ್ಲಿ 1928ರಲ್ಲಿ ಕಟ್ಟಿದ ಮನೆಯೊಂದರಲ್ಲಿ 14 ವರ್ಷಗಳಿಂದ ಇದ್ದೇನೆ, ಮತ್ತು ನಿಮಗೆ ಬಂದಿರುವ ಸ್ಥಿತಿಯೇ ನನಗೂ ಬಂದು, ಅದನ್ನು ಸುಮಾರು ಎರಡು ಚಳಿಗಾಲ ತಪ್ಪಾಗಿ ಓದಿದವನು. ಊರಿನಲ್ಲಿ ಚಿಮಣಿ ಎಂದರೆ ನನಗೆ ಮೊದಲು ಗೊತ್ತಿದ್ದದ್ದು ಸೀಮೆಎಣ್ಣೆಯ ಬುಡ್ಡಿ, ಆಮೇಲೆ ಅಡುಗೆಮನೆಯಲ್ಲಿ ಒಗ್ಗರಣೆಯ ಹೊಗೆ ಎಳೆಯುವ ಯಂತ್ರ. ಇಟ್ಟಿಗೆಯ ಗೂಡಿನೊಳಗೆ ಇನ್ನೊಂದು ಕೊಳವೆ ಇರುತ್ತದೆಂಬುದನ್ನು ನಾನು ತಿಳಿದದ್ದು ಅದು ಒಡೆದ ಮೇಲೆಯೇ.

ನಿಮ್ಮ ಕಾಲದ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಸುಟ್ಟ ಮಣ್ಣಿನ ಲೈನರ್. ನಮ್ಮ ಹೆಂಚಿನ ಜಾತಿಯದೇ ವಸ್ತು: ಸುಮಾರು 2 ಅಡಿ ಉದ್ದದ ಚೌಕಾಕಾರದ ಕೊಳವೆಗಳನ್ನು ಒಂದರ ಮೇಲೊಂದು ನಿಲ್ಲಿಸಿ, ಸಂದುಗಳಿಗೆ ಗಾರೆ ತುಂಬಿರುತ್ತಾರೆ. ಹೊಗೆ ಮತ್ತು ಬಿಸಿ ಇಟ್ಟಿಗೆಯ ಗೋಡೆಯನ್ನು ದಾಟಿ ಮನೆಯ ಮರದ ಚೌಕಟ್ಟಿಗೆ ತಾಗದಂತೆ, ವಿಷಾನಿಲ ಕೋಣೆಗಳಿಗೆ ಸೋರದಂತೆ, ಆಮ್ಲದ ತೇವ ಇಟ್ಟಿಗೆಯನ್ನು ತಿನ್ನದಂತೆ ಅದು ಕಾಯುತ್ತದೆ. ಅದಕ್ಕೂ ಹಿಂದಿನ ಎಷ್ಟೋ ಮನೆಗಳಲ್ಲಿ ಲೈನರ್ ಇಲ್ಲವೇ ಇಲ್ಲ, ಬರಿಯ ಇಟ್ಟಿಗೆ.

ಮೊದಲು ಮಾಡಬೇಕಾದ ಕೆಲಸ ಎಣಿಕೆ. ಹೊರಗಿನಿಂದ ಒಂದೇ ಚಿಮ್ನಿ ಕಂಡರೂ ಒಳಗೆ ಎರಡು ಅಥವಾ ಮೂರು ಪ್ರತ್ಯೇಕ ದಾರಿಗಳಿರಬಹುದು. ಬೀದಿಯ ಆಚೆ ಬದಿಗೆ ಹೋಗಿ ದೂರದರ್ಶಕದಲ್ಲಿ ಅಥವಾ ಫೋನಿನ ಕ್ಯಾಮೆರಾವನ್ನು ಹಿಗ್ಗಿಸಿ ಚಿಮ್ನಿಯ ತುದಿಯನ್ನು ನೋಡಿ. ಕಿರೀಟದಂತಿರುವ ಸಿಮೆಂಟಿನ ಹಲಗೆಯಿಂದ ಮೇಲೆ ಚಾಚಿಕೊಂಡಿರುವ ಮಣ್ಣಿನ ಬಾಯಿಗಳು ಎಷ್ಟಿವೆಯೋ ಅಷ್ಟು ದಾರಿಗಳು. ನಿಮ್ಮಲ್ಲಿ ಅಗ್ಗಿಷ್ಟಿಕೆಗೆ ಒಂದು, ಹೀಟರಿಗೆ ಒಂದು ಇರಬೇಕು. “ಲೈನರ್ ಹೋಗಿದೆ” ಎಂದವರನ್ನು ಕೇಳಬೇಕಾದ ಮೊದಲ ಪ್ರಶ್ನೆ “ಯಾವುದರದು?” ಎಂಬುದು. ಎರಡರ ಕಾಯಿಲೆಗಳು ಬೇರೆ, ಗುರುತುಗಳು ಬೇರೆ, ಖರ್ಚೂ ಬೇರೆ.

ಹೀಟರಿನ ದಾರಿಯ ವಿಚಾರವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ನಿಮ್ಮ ವಿವರಣೆಯನ್ನು ಓದಿದರೆ ನನಗೆ ಅನುಮಾನ ಬರುವುದು ಅದರ ಮೇಲೆಯೇ. ಹಳೆಯ ಫರ್ನೇಸ್ ಇದ್ದಾಗ ಅದರ ಬಿಸಿಹೊಗೆ ಆ ಕೊಳವೆಯನ್ನು ದಿನವಿಡೀ ಕಾಯಿಸಿ ಇಡುತ್ತಿತ್ತು, ಹೀಟರಿನ ಸಣ್ಣ ಹೊಗೆಯೂ ಅದರ ಜೊತೆಗೆ ಮೇಲೇರಿ ಹೋಗುತ್ತಿತ್ತು. ಈಗ ಆ ದೊಡ್ಡ ಗಂಟಲಿನಲ್ಲಿ ಹೀಟರ್ ಒಂದೇ ಉಳಿದಿದೆ. ನೈಸರ್ಗಿಕ ಅನಿಲ ಉರಿದಾಗ ಬಹಳಷ್ಟು ನೀರಿನ ಆವಿ ಹುಟ್ಟುತ್ತದೆ: ನಿಮ್ಮ ಗ್ಯಾಸ್ ಬಿಲ್ಲಿನಲ್ಲಿ ಅನಿಲದ ಬಳಕೆಯನ್ನು ಅಳೆಯುವ ಒಂದೊಂದು ಥರ್ಮ್‌ಗೆ ಸುಮಾರು 4 ಲೀಟರ್ ನೀರು. ಚಿಮ್ನಿ ತಣ್ಣಗಿದ್ದರೆ ಆ ಆವಿ ತುದಿ ಮುಟ್ಟುವ ಮೊದಲೇ ಗೋಡೆಯಲ್ಲಿ ಬೆವರಾಗಿ ಇಳಿಯುತ್ತದೆ. ಅದು ಶುದ್ಧ ನೀರಲ್ಲ, ಹೊಗೆಯಲ್ಲಿರುವ ಅನಿಲಗಳು ಕರಗಿದ ಹುಳಿನೀರು. ಅದು ವರ್ಷಗಟ್ಟಲೆ ಇಳಿಯುತ್ತಿದ್ದರೆ ಮೊದಲು ಸಂದಿನ ಗಾರೆ ಉದುರುತ್ತದೆ, ಆಮೇಲೆ ಮಣ್ಣಿನ ಕೊಳವೆಯ ಒಳಮೈ ಪದರಪದರವಾಗಿ ಕಳಚಿಕೊಳ್ಳುತ್ತದೆ.

ಹೀಗಾಗಿ ಲೈನರ್ ಒಡೆದಿಲ್ಲದಿದ್ದರೂ ಬದಲಿಸಬೇಕಾಗಿ ಬರಬಹುದು. ಇದು ಅನೇಕರಿಗೆ ಒಗ್ಗದ ಮಾತು, ನನಗೂ ಆಗ ಒಗ್ಗಲಿಲ್ಲ. ಇಲ್ಲಿನ ಗ್ಯಾಸ್ ನಿಯಮಗಳಲ್ಲಿ ಒಂದು ಸರಳ ಲೆಕ್ಕವಿದೆ: ನಿಮ್ಮ ಹೀಟರಿನಂಥದ್ದು ಒಂದೇ ಇರುವಾಗ, ಚಿಮ್ನಿಯ ಒಳ ವಿಸ್ತಾರವು ಹೀಟರಿನ ಹೊಗೆಬಾಯಿಯ ವಿಸ್ತಾರದ 7 ಪಟ್ಟನ್ನು ಮೀರಬಾರದು. ಹೊಗೆಬಾಯಿ 4 ಇಂಚು ವ್ಯಾಸದ್ದಾದರೆ ಅದರ ವಿಸ್ತಾರ ಸುಮಾರು 12.5 ಚದರ ಇಂಚು, ಅದರ 7 ಪಟ್ಟು ಸುಮಾರು 88. ನಿಮ್ಮ ಕೊಳವೆಯ ಒಳ ಅಳತೆ 11 ಇಂಚು ಚೌಕವಿದ್ದರೆ 121 ಚದರ ಇಂಚಾಯಿತು. ಮಣ್ಣು ಹೊಸದರಂತೆ ಗಟ್ಟಿಯಾಗಿದ್ದರೂ ಆ ಹೀಟರಿಗೆ ಅದು ಸಲ್ಲದು. ಚಿಮ್ನಿ ಮನೆಯ ಹೊರಗೋಡೆಗೆ ಅಂಟಿಕೊಂಡಿದ್ದು ಮೂರು ಬದಿ ಚಳಿಗೆ ತೆರೆದಿದ್ದರೆ ನಿಯಮ ಇನ್ನೂ ಬಿಗಿ. ನಿಮ್ಮ ರಾಜ್ಯದಲ್ಲಿ ಫರ್ನೇಸ್ ಅಥವಾ ಹೀಟರ್ ಬದಲಿಸುವಾಗ ಚಿಮ್ನಿಯ ಕುರಿತು ಸಹಿ ಮಾಡಿದ ಪ್ರಮಾಣಪತ್ರವೊಂದನ್ನು ಅನುಮತಿಯ ಕಾಗದಗಳ ಜೊತೆ ಸಲ್ಲಿಸುವ ಪದ್ಧತಿ ಇದೆ. ಫರ್ನೇಸ್ ಹಾಕಿದವರು ಅದರಲ್ಲಿ ಏನು ಬರೆದಿದ್ದರೆಂದು ನಿಮ್ಮ ಟೌನ್‌ಶಿಪ್ ಕಚೇರಿಯಲ್ಲಿ ಕೇಳಿ ನೋಡಿ. ಆ ಒಂದು ಹಾಳೆ ನಿಮ್ಮ ಅರ್ಧ ಅನುಮಾನವನ್ನು ಬಗೆಹರಿಸಬಹುದು.

ನನ್ನ ಮನೆಯಲ್ಲಿ ಏನಾಯಿತೆಂದರೆ, ಫರ್ನೇಸ್ ಬದಲಿಸಿದ ಮೊದಲ ಚಳಿಗಾಲದಲ್ಲಿ ಮೇಲಿನ ಮಲಗುವ ಕೋಣೆಯ ಗೋಡೆಯಲ್ಲಿ, ಚಿಮ್ನಿ ಹಾದುಹೋಗುವ ಕಡೆ, ಬಣ್ಣ ಉಬ್ಬಿ ಹಪ್ಪಳದಂತೆ ಎದ್ದಿತು. ಮಾಡು ಸೋರುತ್ತಿದೆಯೆಂದು ನಾನು ತೀರ್ಮಾನಿಸಿದೆ. ಮಾಡಿನ ಕೆಲಸದವರು ಬಂದು ಚಿಮ್ನಿ ಮಾಡನ್ನು ಸೇರುವ ಕಡೆಯ ತಗಡನ್ನು ಹೊಸದಾಗಿ ಹೊದಿಸಿ ಹಣ ತೆಗೆದುಕೊಂಡು ಹೋದರು. ಬೇಸಿಗೆಯಲ್ಲಿ ಗೋಡೆ ಒಣಗಿದ್ದರಿಂದ ದುರಸ್ತಿ ಫಲಿಸಿತೆಂದೇ ನಂಬಿದೆ. ಮರುವರ್ಷ ಜನವರಿಯಲ್ಲಿ ಅದೇ ಜಾಗ ಮತ್ತೆ ಒದ್ದೆ. ಆಗ ನನ್ನ ಹೆಂಡತಿ ಗಮನಿಸಿದ್ದು ಇದು: ಹತ್ತು ದಿನದಿಂದ ಮಳೆಯೂ ಇಲ್ಲ, ಹಿಮವೂ ಇಲ್ಲ, ಬರಿಯ ಒಣ ಚಳಿ, ಏಪ್ರಿಲ್‌ನಲ್ಲಿ ಮಳೆ ಸುರಿದಾಗ ಒದ್ದೆಯಾಗದ ಗೋಡೆ ಈಗ ಯಾಕೆ ಒದ್ದೆಯಾಗುತ್ತದೆ? ಮಳೆ ಬಂದಾಗ ಕಾಣುವ ತೇವ ಹೊರಗಿನದು, ಮಳೆಯಿಲ್ಲದ ಕೊರೆಯುವ ಚಳಿಯಲ್ಲಿ ಕಾಣುವ ತೇವ ಚಿಮ್ನಿಯ ಒಳಗಿನದು. ಈ ಒಂದು ವ್ಯತ್ಯಾಸವನ್ನು ನಾನು ಮೊದಲ ವರ್ಷವೇ ಹಿಡಿದಿದ್ದರೆ ತಗಡಿನ ಹಣ ಉಳಿಯುತ್ತಿತ್ತು.

ಇನ್ನೊಂದು ಗುರುತು ನನ್ನ ಕಣ್ಣೆದುರೇ ಇತ್ತು. ನೆಲಮಾಳಿಗೆಯಲ್ಲಿ ಚಿಮ್ನಿಯ ಬುಡಕ್ಕೆ ಅಂಗೈ ಅಗಲದ ಕಬ್ಬಿಣದ ಬಾಗಿಲೊಂದಿರುತ್ತದೆ, ಮಸಿ ತೆಗೆಯಲೆಂದು ಇಟ್ಟದ್ದು. ಅದನ್ನು ತೆರೆದಾಗಲೆಲ್ಲ ಕೆಂಪು ಚೂರುಗಳು ಸಿಗುತ್ತಿದ್ದವು. ಇಟ್ಟಿಗೆಯ ಪುಡಿಯೆಂದು ಗುಡಿಸಿ ಎಸೆಯುತ್ತಿದ್ದೆ. ಇಟ್ಟಿಗೆಯ ಚೂರು ಉಂಡೆಯಾಗಿ ಒರಟಾಗಿರುತ್ತದೆ. ಲೈನರಿನ ಚೂರು ತೆಳುವಾಗಿ, ಒಂದು ಬದಿ ನುಣುಪಾಗಿ, ಒಡೆದ ಹೆಂಚಿನ ಹಾಗೆ ಇರುತ್ತದೆ, ಅಂಚಿನಲ್ಲಿ ಪದರಗಳು ಕಾಣುತ್ತವೆ. ನೀವು ಈ ವಾರವೇ ಆ ಬಾಗಿಲು ತೆರೆದು ನೋಡಿ. ಅಂಥ ಚೂರುಗಳು ಒಂದು ಹಿಡಿಯಷ್ಟು ಇದ್ದರೂ ಕ್ಯಾಮೆರಾ ಇಳಿಸಿ ನೋಡಿಸಲೇಬೇಕು. ರಾಶಿ ಬಿದ್ದು ಹೀಟರಿನ ಕೊಳವೆ ಸೇರುವ ಜಾಗದವರೆಗೆ ಏರಿದ್ದರೆ ಮಾತ್ರ ಕಾಯುವ ಪ್ರಶ್ನೆಯಿಲ್ಲ, ಏಕೆಂದರೆ ಹೊಗೆಗೆ ದಾರಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೇ ತಿರುಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗುವ ಕೋಣೆಗಳ ಬಳಿ ಅದರ ಅಲಾರಂ ಇಲ್ಲದಿದ್ದರೆ ಲೈನರಿನ ಮಾತು ಆಮೇಲೆ, ಮೊದಲು ಅದನ್ನು ತನ್ನಿ. ಅದು ಕೂಗಿಕೊಂಡರೆ ಕಿಟಕಿ ತೆರೆಯುತ್ತಾ ನಿಲ್ಲದೆ ಎಲ್ಲರೂ ಹೊರಗೆ ಬಂದು 911ಕ್ಕೆ ಕರೆಮಾಡಿ.

ಹೊಗೆ ಸರಿಯಾಗಿ ಎಳೆಯುತ್ತಿದೆಯೇ ಎಂದು ನೋಡಲು ನಮ್ಮ ಮನೆಗಳಲ್ಲಿ ಸದಾ ಸಿಗುವ ಉಪಕರಣವೊಂದಿದೆ: ಊದುಬತ್ತಿ. ಕಿಟಕಿ ಬಾಗಿಲುಗಳನ್ನು ಮುಚ್ಚಿ, ಅಡುಗೆಮನೆಯ ಎಕ್ಸಾಸ್ಟ್, ಬಚ್ಚಲಿನ ಫ್ಯಾನು, ಬಟ್ಟೆ ಒಣಗಿಸುವ ಡ್ರೈಯರ್ ಎಲ್ಲವನ್ನೂ ಹಾಕಿ. ಬಿಸಿನೀರು ಬಿಟ್ಟು ಹೀಟರ್ ಹೊತ್ತಿಕೊಳ್ಳುವಂತೆ ಮಾಡಿ. ಐದು ನಿಮಿಷವಾದ ಮೇಲೆ ಹೀಟರಿನ ತಲೆಯ ಮೇಲೆ, ಕೊಳವೆ ಶುರುವಾಗುವ ಕಡೆ ಇರುವ ತೆರೆದ ಸಂದಿನ ಬಳಿ ಊದುಬತ್ತಿ ಹಿಡಿಯಿರಿ. ಹೊಗೆಯ ಎಳೆ ಒಳಕ್ಕೆ ಜಗ್ಗಿಕೊಂಡು ಹೋಗಬೇಕು. ಅಲ್ಲೇ ಸುಳಿದಾಡಿದರೆ ಅಥವಾ ನಿಮ್ಮ ಮುಖಕ್ಕೆ ಬಂದರೆ ಚಿಮ್ನಿ ಎಳೆಯುತ್ತಿಲ್ಲ. ಪಂಖಗಳನ್ನೆಲ್ಲ ಆರಿಸಿ, ಹೀಟರನ್ನೂ ಆರಿಸಿ, ಕೆಲಸದವರನ್ನು ಕರೆಯಿರಿ. ಮೆಣಸಿನಕಾಯಿಯ ಘಾಟಿಗೆ ಹೆದರಿ ದೊಡ್ಡ ಎಕ್ಸಾಸ್ಟ್ ಹಾಕಿಸಿಕೊಂಡಿರುವ ನಮ್ಮವರ ಮನೆಗಳಲ್ಲಿ ಇದು ಇನ್ನಷ್ಟು ಮುಖ್ಯ, ಆ ಪಂಖ ನೆಲಮಾಳಿಗೆಯ ಹೊಗೆಯನ್ನೂ ಹಿಂದಕ್ಕೆ ಎಳೆಯಬಲ್ಲದು.

ಅಗ್ಗಿಷ್ಟಿಕೆಯ ದಾರಿಗೆ ಶತ್ರು ತೇವಕ್ಕಿಂತ ಬೆಂಕಿ. ಮಲೆನಾಡಿನ ಬಚ್ಚಲ ಒಲೆಯ ಮೇಲಿನ ಗೋಡೆಯನ್ನು ನೋಡಿದವರಿಗೆ ಹಸಿ ಕಟ್ಟಿಗೆಯ ಹೊಗೆ ಏನು ಬಿಟ್ಟುಹೋಗುತ್ತದೆಂದು ಹೇಳಬೇಕಾಗಿಲ್ಲ. ಕೊಳವೆಯೊಳಗೆ ಅದು ಮೊದಲು ಬ್ರಷ್ಷಿಗೆ ಬರುವ ಮಸಿಯಾಗಿ, ನಂತರ ಚಕ್ಕೆಯಾಗಿ, ಕೊನೆಗೆ ಡಾಂಬರಿನಂತೆ ಹೊಳೆಯುವ ಗಟ್ಟಿ ಪದರವಾಗಿ ಕೂರುತ್ತದೆ. ಅದನ್ನು ಇಲ್ಲಿ ಕ್ರಿಯೋಸೋಟ್ ಎನ್ನುತ್ತಾರೆ. ಅದಕ್ಕೆ ಬೆಂಕಿ ಹತ್ತಿದರೆ ಮಣ್ಣಿನ ಕೊಳವೆ ಒಮ್ಮೆಲೇ ಕಾದು ಉದ್ದಕ್ಕೆ ಸೀಳುತ್ತದೆ. ಕೆಲವು ಸಲ ರೈಲು ಹೋದಂತೆ ಸದ್ದಾಗುತ್ತದೆ, ಹಲವು ಸಲ ಮನೆಯವರಿಗೆ ತಿಳಿಯುವುದೇ ಇಲ್ಲ. ನಿಮಗಿಂತ ಹಿಂದಿನ ಒಡೆಯರ ಕಾಲದಲ್ಲಿ ಅಂಥ ಬೆಂಕಿ ಬಿದ್ದಿತ್ತೇ ಎಂಬುದಕ್ಕೆ ಸುಳಿವುಗಳು ಉಳಿದಿರುತ್ತವೆ: ಹುರಿದ ಹಪ್ಪಳದಂತೆ ಉಬ್ಬಿದ, ಜೇನುಗೂಡಿನಂತೆ ತೂತುಬಿದ್ದ ಕ್ರಿಯೋಸೋಟ್, ಸೊಟ್ಟಗಾಗಿ ಸರಿಯಾಗಿ ಮುಚ್ಚದ ಡ್ಯಾಂಪರ್ (ಅಗ್ಗಿಷ್ಟಿಕೆಯ ಹೊಗೆದಾರಿಯನ್ನು ಮುಚ್ಚುವ ಲೋಹದ ಬಾಗಿಲು), ಬಣ್ಣಗೆಟ್ಟ ಮೇಲಿನ ಲೋಹದ ಟೋಪಿ. ಬೆಂಕಿ ಹಾಕಿದಾಗ ಪಕ್ಕದ ಕೋಣೆಯಲ್ಲಿ ಹೊಗೆಯ ವಾಸನೆ ಬಂದರೆ, ಅಥವಾ ಮೇಲಂತಸ್ತಿನ ಗೋಡೆ ಕೈಯಿಟ್ಟರೆ ಬಿಸಿಯೆನಿಸಿದರೆ, ಆ ಅಗ್ಗಿಷ್ಟಿಕೆಯನ್ನು ಮತ್ತೆ ಹೊತ್ತಿಸಬೇಡಿ. ವರ್ಷಗಟ್ಟಲೆ ಕಾದ ಮರ ಹೊಸ ಮರಕ್ಕಿಂತ ಕಡಿಮೆ ಬಿಸಿಗೆ ಹೊತ್ತಿಕೊಳ್ಳುತ್ತದೆ.

ಬಿಳಿ ಕಲೆಗಳ ವಿಚಾರದಲ್ಲಿ ನಿಮ್ಮ ಅನುಮಾನ ಅರ್ಧ ಸರಿ. ಅವು ಇಟ್ಟಿಗೆಯೊಳಗಿನ ಲವಣಗಳು, ತೇವದ ಜೊತೆ ಹೊರಬಂದು ಒಣಗಿದವು. ಆ ತೇವ ಲೈನರಿನಿಂದಲೇ ಬಂದಿರಬೇಕೆಂದೇನೂ ಇಲ್ಲ. ಟೋಪಿ ಹಾರಿಹೋಗಿದ್ದರೆ, ಮೇಲಿನ ಸಿಮೆಂಟ್ ಹಲಗೆ ಬಿರಿದಿದ್ದರೆ ಮಳೆನೀರೂ ಅದೇ ಕಲೆ ಮಾಡುತ್ತದೆ, ಅದರ ದುರಸ್ತಿ ಬಹಳ ಅಗ್ಗ. ಹಲಗೆಯ ಕೆಳಗಿನ ಎರಡು ಮೂರು ಸಾಲುಗಳಲ್ಲಿ ಮಾತ್ರ ಕಲೆಯಿದ್ದರೆ ನಾನು ಮೊದಲು ಮೇಲ್ಭಾಗವನ್ನೇ ಸಂಶಯಿಸುತ್ತೇನೆ. ಚಿಮ್ನಿಯ ಉದ್ದಕ್ಕೂ, ಅದರಲ್ಲೂ ಹೀಟರಿನ ದಾರಿಯಿರುವ ಬದಿಯಲ್ಲಿ, ಚಳಿಗಾಲದಲ್ಲಿ ಹೆಚ್ಚುತ್ತಿದ್ದರೆ ಮಾತ್ರ ಒಳಗಿನ ಬೆವರು. ಬರಿಯ ಬಿಳಿ ಕಲೆಯನ್ನು ತೋರಿಸಿ ಲೈನರ್ ಮಾರುವವರನ್ನು ನಾನು ನಂಬುವುದಿಲ್ಲ.

ಕೊನೆಗೆ ತೀರ್ಪು ಕೊಡಬೇಕಾದದ್ದು ಕ್ಯಾಮೆರಾ. ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನಾದ ಕೇಳುವಂತೆ 25 ಅಡಿ ಎತ್ತರದ ಕೊಳವೆಯನ್ನು ತಟ್ಟಲಾಗದಲ್ಲ. ಇಲ್ಲಿ ಚಿಮ್ನಿಗಳಿಗೆ ಆಧಾರವಾಗಿರುವ, ಅಗ್ನಿಸುರಕ್ಷತೆಯ ರಾಷ್ಟ್ರೀಯ ಸಂಸ್ಥೆಯೊಂದು ಹೊರತಂದ ಎನ್‌ಎಫ್‌ಪಿಎ 211 ಎಂಬ ಮಾನದಂಡವು ತಪಾಸಣೆಯನ್ನು ಮೂರು ಹಂತಗಳಲ್ಲಿ ಹೇಳುತ್ತದೆ. ಮೊದಲನೆಯದು ಪ್ರತಿ ವರ್ಷದ ಮಾಮೂಲಿ ನೋಟ. ಮನೆ ಕೈಬದಲಾದಾಗ, ಚಿಮ್ನಿಗೆ ಸೇರಿಸಿದ ಯಂತ್ರಗಳು ಬದಲಾದಾಗ ಅಥವಾ ಒಳಗೆ ಬೆಂಕಿ ಬಿದ್ದಾಗ ಬೇಕಾಗುವುದು ಎರಡನೆಯ ಹಂತ. ಕ್ಯಾಮೆರಾ ಇಳಿಸುವುದು ಇದರಲ್ಲಿಯೇ. ಮೂರನೆಯದರಲ್ಲಿ ಗೋಡೆ ಒಡೆದು ನೋಡುತ್ತಾರೆ. ನಿಮ್ಮ ವಿಷಯದಲ್ಲಿ ಮನೆಯೂ ಕೈಬದಲಾಗಿದೆ, ಫರ್ನೇಸೂ ಬದಲಾಗಿದೆ. ಎರಡನೆಯ ಹಂತವನ್ನು ಕೇಳಲು ನಿಮಗೆ ಎರಡು ಪಟ್ಟು ಕಾರಣವಿದೆ. ಬಂದವರು ಅದನ್ನು ಮಾಡದೆ, ಟಾರ್ಚ್ ಹಾಕಿ ನೋಡಿಯೇ ಅಂದಾಜು ಬರೆದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ.

ಕ್ಯಾಮೆರಾ ಇಳಿಸುವಾಗ ನೀವೂ ಪಕ್ಕದಲ್ಲಿ ನಿಲ್ಲಿ. ಬೇರೆ ಮನೆಯ ಬಿರುಕಿನ ಚಿತ್ರವನ್ನು ತೋರಿಸಿ ವ್ಯಾಪಾರ ಮಾಡುವವರೂ ಉಂಟು. ಆದ್ದರಿಂದ ವಿಡಿಯೋ ನಿಮ್ಮ ನೆಲಮಾಳಿಗೆಯಿಂದಲೋ ಅಗ್ಗಿಷ್ಟಿಕೆಯಿಂದಲೋ ಶುರುವಾಗಿ, ಎಲ್ಲೂ ಕತ್ತರಿಸದೆ ತುದಿಯ ಆಕಾಶದವರೆಗೆ ಹೋಗಬೇಕು, ಅದರ ಪ್ರತಿ ನಿಮಗೆ ಸಿಗಬೇಕು. ವರದಿಯಲ್ಲಿ ಮೇಲಿನಿಂದ ಎಷ್ಟನೆಯ ಕೊಳವೆಯಲ್ಲಿ ಬಿರುಕು, ಯಾವ ಸಂದಿನಲ್ಲಿ ಗಾರೆಯಿಲ್ಲ ಎಂದು ಬರೆದುಕೊಡಲು ಹೇಳಿ. ನಂತರ ಅದೇ ಕೆಲಸಕ್ಕೆ ಸಂಬಂಧವಿಲ್ಲದ ಇನ್ನೊಬ್ಬರಿಂದ ಅಭಿಪ್ರಾಯ ಪಡೆಯಿರಿ. ನನಗೆ ಬಂದ ಎರಡು ಅಂದಾಜುಗಳಲ್ಲಿ ಒಂದು ಇನ್ನೊಂದರ ಎರಡೂವರೆ ಪಟ್ಟಿತ್ತು. ದುಬಾರಿಯವರು ಅಗ್ಗಿಷ್ಟಿಕೆಯ ಲೈನರನ್ನೂ ಸೇರಿಸಿದ್ದರು, ಅದರ ವಿಡಿಯೋದಲ್ಲಿ ನನಗಾಗಲಿ ಎರಡನೆಯವರಿಗಾಗಲಿ ಒಂದು ಗೀರೂ ಕಾಣಲಿಲ್ಲ.

ಬದಲಿಸುವುದೇ ಆದರೆ ಹೀಟರಿಗೆ ಹಳೆಯ ದಾರಿಯೊಳಗೆ ಸರಿಯಾದ ಅಳತೆಯ ಲೋಹದ ಬಾಗುವ ಕೊಳವೆಯೊಂದನ್ನು ಇಳಿಸುತ್ತಾರೆ. ಗ್ಯಾಸಿಗೆ ಅಲ್ಯೂಮಿನಿಯಂ ಕೊಳವೆಗೂ ಅನುಮತಿಯಿದೆ, ಸ್ಟೇನ್‌ಲೆಸ್ ಹೆಚ್ಚು ಬಾಳುತ್ತದೆ. ಕಟ್ಟಿಗೆ ಉರಿಸುವ ದಾರಿಗೆ ಸ್ಟೇನ್‌ಲೆಸ್ಸೇ ಬೇಕು, ಸಾಮಾನ್ಯವಾಗಿ ಸುತ್ತಲೂ ಶಾಖನಿರೋಧಕ ಹೊದಿಕೆಯೊಂದಿಗೆ. ಇನ್ನೊಂದು ದಾರಿಯನ್ನು ಲೈನರ್ ಮಾರುವವರು ತಾವಾಗಿ ಹೇಳುವುದು ಅಪರೂಪ: ನಿಮ್ಮ ಹೀಟರ್ ಹೇಗೂ ಹಳೆಯದಾಗಿದ್ದರೆ ವಿದ್ಯುತ್ತಿನದನ್ನೋ, ಪಕ್ಕದ ಗೋಡೆಯಿಂದ ಹೊಗೆ ಬಿಡುವ ಮಾದರಿಯದನ್ನೋ ಹಾಕಿಸಿದರೆ ಆ ದಾರಿಗೆ ಲೈನರೇ ಬೇಕಾಗುವುದಿಲ್ಲ, ಮೇಲಿನ ಬಾಯಿ ಮುಚ್ಚಿಸಿದರೆ ಸಾಕು. ನನ್ನ ಹೀಟರಿಗೆ ಆಗ ಮೂರೇ ವರ್ಷವಾಗಿದ್ದರಿಂದ ನಾನು ಕೊಳವೆ ಇಳಿಸಿದೆ. ಕೆಲಸ ಮುಗಿದದ್ದು ಒಂದೇ ದಿನದಲ್ಲಿ; ಮಲಗುವ ಕೋಣೆಯ ಗೋಡೆ ಪೂರ್ತಿ ಒಣಗಿ ಬಣ್ಣ ಹಿಡಿಯಲು ಮಾತ್ರ ಮುಂದಿನ ಜೂನ್‌ವರೆಗೆ ಕಾಯಬೇಕಾಯಿತು.